ನೀಲಾ ಜೋಡಿಸಿದ ಎಳೆಗಳು

ನಂಬದವರು ನಗಲಿ, ನನಗೇನೂ ಬೇಜಾರಿಲ್ಲ. ಬನಹಟ್ಟಿಯ ನಮ್ಮ ಮನೆಯಲ್ಲೇ, ನನ್ನ ಕಿವಿಯಾರೆ ಕೇಳಿದ್ದನ್ನು ಹೇಳುತ್ತಿದ್ದೇನೆ.

ನೀಲಾ ನನ್ನ ಗಂಡನ ತಂಗಿ. ನಾನು ಮದುವೆಯಾಗಿ ಬಂದಾಗ ಲಂಗ ಹಾಕಿಕೊಂಡು ವೈನಿ, ವೈನಿ ಎಂದು ನನ್ನ ಹಿಂದೆಯೇ ಸುತ್ತುತ್ತಿದ್ದ ಹುಡುಗಿ. ಬರಬರುತ್ತ ಅವಳ ಕಣ್ಣುಗಳಿಗೆ ಮಂಜು ಕವಿಯಿತು. ಆಮೇಲೆ ಕಿಡ್ನಿಗಳೂ ಕೈಕೊಟ್ಟವು. ಬೆಳಗಾವಿಯ ಡಾಕ್ಟರು ಕೂರಿಸಿಕೊಂಡು ಹೇಳಿದರು: ರಕ್ತದಲ್ಲಿ ಕೊಲೆಸ್ಟ್ರಾಲ್ ಸಾಗಿಸಲು ನೆರವಾಗುವ ಒಂದು ಪ್ರೋಟೀನು ಇವಳ ಮೈಯಲ್ಲಿ ಹುಟ್ಟುವುದೇ ಇಲ್ಲ. ಮನುಷ್ಯರ ಜೀನನ್ನು ಬೇರೆ ಜೀವಕೋಶಗಳಲ್ಲಿ ಇಟ್ಟು ಅದನ್ನು ಲ್ಯಾಬಿನಲ್ಲಿ ತಯಾರಿಸುತ್ತಿದ್ದಾರೆ. ಆದರೆ ಇನ್ನೂ ಪರೀಕ್ಷೆಯಲ್ಲಿದೆ, ನಮ್ಮ ಕೈಗೆ ಸಿಗುವುದಿಲ್ಲ.

'ತಯಾರಿಸುತ್ತಿದ್ದಾರೆ' ಎಂಬ ಒಂದು ಮಾತನ್ನೇ ನೀಲಾ ಗಟ್ಟಿಯಾಗಿ ಹಿಡಿದುಕೊಂಡಳು. ದಿನಾ ಕೇಳುವಳು, "ವೈನಿ, ಆ ಔಷಧ ಬಂತೇನ?"

"ಬರತೈತಿ, ತಡಿಯವಾ," ಎನ್ನುತ್ತಿದ್ದೆ.

ನಮ್ಮದು ಕೈಮಗ್ಗ. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು, ಮುಗಿದಾಗ ಹಳೆಯ ಒಂದೊಂದು ಎಳೆಗೂ ಹೊಸದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಕಣ್ಣು ಮಂಜಾದರೂ ನೀಲಾ ಮುಟ್ಟಿ ಮುಟ್ಟಿಯೇ ಮಾಡುತ್ತಿದ್ದಳು. ಎಡಚಿ ಆಕೆ, ಅವಳ ಹೊಸೆತ ಉಲ್ಟಾ. ಒಬ್ಬರು ಶುರು ಮಾಡಿದ ಜೋಡಣೆಗೆ ಇನ್ನೊಬ್ಬರು ಕೈ ಹಾಕಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅವಳನ್ನು ಜಮಖಂಡಿಯ ಆಸ್ಪತ್ರೆಗೆ ಸೇರಿಸಿದಾಗ, ಅರ್ಧಕ್ಕೆ ನಿಂತ ಎಳೆಗಳನ್ನು ಹಾಗೆಯೇ ಬಿಟ್ಟೆವು. ಗುಣವಾಗಿ ಬಂದು ಅವಳೇ ಮುಗಿಸಲಿ ಎಂಬ ಆಸೆ.

ಆ ರಾತ್ರಿ ನಾನು ಊಟಕ್ಕೆ ಕೂರುವ ಹೊತ್ತಿಗೆ ಕರೆಂಟು ಹೋಯಿತು. ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ನಿಂತವು. ಗಂಡ ನೀಲಾಳ ಜೊತೆ ಆಸ್ಪತ್ರೆಯಲ್ಲಿದ್ದರು, ಮನೆಯಲ್ಲಿ ನಾನೊಬ್ಬಳೇ.

ಮಗ್ಗದ ಕೋಣೆಯಿಂದ ಸಣ್ಣ ಸದ್ದು. ಸರ್... ಸರ್... ಬೆರಳುಗಳು ನೂಲು ಹೊಸೆಯುವ ಸದ್ದು. ನೂಲಿನ ಗಂಜಿಯ ವಾಸನೆಯ ಜೊತೆ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ...

ಬಾಗಿಲಿಗೆ ಹೋಗಿ ಕಡ್ಡಿ ಗೀರಲು ನೋಡಿದೆ.

"ದೀಪ ಬ್ಯಾಡ ವೈನಿ... ಈಗ ನನಗ ಛಲೋ ಕಾಣತೈತಿ."

ಕಡ್ಡಿಪೆಟ್ಟಿಗೆ ಕೈಯಿಂದ ಜಾರಿ ಬಿತ್ತು.

"ನೀಲಾ? ಯಾವಾಗ ಬಂದೀಬೇ?"

"ಔಷಧ ಬಂತೇನ, ವೈನಿ?"

ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ದನಿ ಕೇಳಿ ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಬಂತವಾ. ಇನ್ನ ಸಾಕು, ಮಕ್ಕೊ ಹೋಗು."

ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಗಂಡನ ಫೋನು ಬಂತು.

"ಹೊತ್ತು ಮುಳುಗೂದ್ರಾಗನ ಹೋಗಿಬಿಟ್ಳು ನಮ್ಮ ನೀಲಾ... ನಿನಗ ಹ್ಯಾಂಗ ಹೇಳಬೇಕಂತ ತಿಳೀಲಿಲ್ಲ."

ಕರೆಂಟು ಬಂದ ಮೇಲೆ ಮಗ್ಗ ನೋಡಿದೆ. ಬಿಟ್ಟಲ್ಲಿಂದ ಮುಂದೆ ಇನ್ನೊಂದು ಹಿಡಿಯಷ್ಟು ಎಳೆಗಳು ಕೂಡಿದ್ದವು. ಎಲ್ಲವೂ ಉಲ್ಟಾ ಹೊಸೆತ. ಉಳಿದವು ಹಾಗೆಯೇ ಜೋತುಬಿದ್ದಿದ್ದವು.

ಆ ಔಷಧ ಇವತ್ತಿಗೂ ನಮ್ಮ ಕಡೆ ಬಂದಿಲ್ಲ. ಕರೆಂಟು ಹೋದಾಗಲೆಲ್ಲ ಮಗ್ಗದ ಕೋಣೆಯ ಕಡೆಗೆ ಕಿವಿಗೊಟ್ಟು ಕೂರುತ್ತೇನೆ, ಏನೂ ಕೇಳುವುದಿಲ್ಲ. ಅವತ್ತು ನಾನು ಔಷಧ ಇನ್ನೂ ಬಂದಿಲ್ಲ ಎಂದಿದ್ದರೆ, ಕಾಯುತ್ತ ಇನ್ನೊಂದಿಷ್ಟು ಹೊತ್ತು ಕೂತಿರುತ್ತಿದ್ದಳೋ ಏನೋ...