ಪೆನ್ಸಿಲ್ ತಟ್ಟದ ದಿನ

ಡೊಂಬಿವಲಿಯ ಫ್ಯಾಕ್ಟರಿ ಸಾಲಿನಲ್ಲಿ ನಮ್ಮದೊಂದು ಸಣ್ಣ ಲ್ಯಾಬ್. ತಂತಿಸುರುಳಿಗಳ ರೆಸಿಸ್ಟೆನ್ಸ್ ಅಳೆದು ಸರ್ಟಿಫಿಕೇಟ್ ಕೊಡುವುದು ಕೆಲಸ. ಬ್ರಿಡ್ಜ್ ಎಂಬ ಹಳೆಯ ಮರದ ಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು ವಿಜಯಪುರದ ಕಡೆಯ ಕಾಕಾ. ಪಕ್ಕದಲ್ಲಿ ಅಂಕಿ ಬರೆಯುತ್ತಿದ್ದವಳು ನಾನು. ಪೆಟ್ಟಿಗೆಯ ಡಯಲ್ ತಿರುಗಿಸಿದಂತೆ ಮೀಟರಿನ ಮುಳ್ಳು ಎಡಕ್ಕೋ ಬಲಕ್ಕೋ ವಾಲುತ್ತದೆ. ಅದು ಸೊನ್ನೆಯ ಮೇಲೆ ಅಲುಗಾಡದೆ ನಿಂತಾಗ ಡಯಲ್‌ಗಳಲ್ಲಿರುವ ಅಂಕಿಯೇ ಅಳತೆ.

ಆ ಕೂದಲೆಳೆಯಂಥ ಮುಳ್ಳು ಕಾಕಾರ ಕಣ್ಣಿಗೆ ಕಾಣುತ್ತಿಲ್ಲವೆಂದು ನನಗೆ ತಿಳಿದದ್ದು ಎರಡು ವರ್ಷದ ಹಿಂದೆ. "ಯಾರಿಗೂ ಹೇಳಬ್ಯಾಡವ್ವ. ಮಗಳ ನರ್ಸಿಂಗ್ ಮುಗಿಯೂತನಕ ನೌಕರಿ ಇರ್ಲಿ" ಅಂದರು. ಅಂದಿನಿಂದ ನಮ್ಮಿಬ್ಬರದೊಂದು ಗುಟ್ಟು. ಮುಳ್ಳು ಎಡಕ್ಕಿದ್ದರೆ ನಾನು ಪೆನ್ಸಿಲನ್ನು ಮೇಜಿಗೆ ಒಮ್ಮೆ ತಟ್ಟುವುದು, ಬಲಕ್ಕಿದ್ದರೆ ಎರಡು ಸಲ. ನಡುವೆ ನಿಂತರೆ ಸುಮ್ಮನಿರುವುದು. ಡಯಲಿನ ಟಕ್ ಟಕ್ ಎಣಿಸಿಯೇ ಅವರು ಅಂಕಿ ಹೇಳುತ್ತಿದ್ದರು. ಒಂದೂ ತಪ್ಪಿದ್ದಿಲ್ಲ.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅವತ್ತು ಗಿರಾಕಿ ಕಂಪನಿಯ ಇನ್ಸ್‌ಪೆಕ್ಟರ್ ಬಂದಿದ್ದ. ಅವಸರದಲ್ಲಿ ಸುರುಳಿಯನ್ನು ಬರಿಗೈಯಲ್ಲೇ ಎತ್ತಿ ತಂದೆ.

"ಕೈ ಬಿಸಿ ತಾಗಿದ್ರ ಅಳತಿ ಕೆಡತೈತಿ ಅಂತ ಎಷ್ಟ ಸಲ ಹೇಳಬೇಕು ನಿನಗ? ಹನ್ನೆರಡ ವರ್ಷ ಏನ ಕಲತಿ?" ಎಲ್ಲರೆದುರೇ ಗದರಿದರು.

ಮಾತು ಸರಿಯೇ. ಆದರೆ ನನ್ನ ಕಣ್ಣನ್ನೇ ನಂಬಿಕೊಂಡು ನನ್ನನ್ನೇ ಬೈಯುವುದೇ ಅನ್ನಿಸಿ ಮೈಯೆಲ್ಲ ಉರಿದುಹೋಯಿತು. ಸುರುಳಿ ತಣಿಯಲೆಂದು ಅರ್ಧ ಗಂಟೆ ಕಾದೆವು. ನಾನು ಮಾತ್ರ ತಣಿಯಲಿಲ್ಲ.

ಅವರು ಡಯಲ್ ತಿರುಗಿಸತೊಡಗಿದಾಗ ನಾನು ಪೆನ್ಸಿಲ್ ತಟ್ಟಲಿಲ್ಲ. ತಡಕಾಡಲಿ, ಬೇಕಿದ್ದರೆ ನನ್ನನ್ನು ಕರೆಯಲಿ ಎಂದಷ್ಟೇ ಮನಸ್ಸಿನಲ್ಲಿದ್ದದ್ದು. ನಾನು ಸುಮ್ಮನಿದ್ದರೆ ಮುಳ್ಳು ನಡುವೆ ಬಂತೆಂದು ಅವರು ತಿಳಿಯುತ್ತಾರೆ ಎಂಬುದು ಆ ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ. ಕಾಕಾ ಕೈ ನಿಲ್ಲಿಸಿದರು. ಕಿವಿಗೊಟ್ಟು ಕಾದರು. ಆಗಲಾದರೂ ತಟ್ಟಬಹುದಿತ್ತು. ತಟ್ಟಲಿಲ್ಲ. ಗಟ್ಟಿ ದನಿಯಲ್ಲಿ ಅವರು ಅಂಕಿ ಹೇಳಿಬಿಟ್ಟರು.

"ಕಾಕಾ, ಕಾಂಟಾ ತೋ ಪೂರಾ ಬಾಜೂ ಮೇ ಹೈ," ಎಂದ ಇನ್ಸ್‌ಪೆಕ್ಟರ್. ನಿಜಕ್ಕೂ ಮುಳ್ಳು ಎಡತುದಿಗೆ ಅಂಟಿಕೊಂಡಿತ್ತು. ಕಾಕಾ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ.

ಮಾಲೀಕರ ಮುಂದೆ ತಮ್ಮ ಕಣ್ಣಿನ ಸಂಗತಿಯನ್ನು ತಾವೇ ಒಪ್ಪಿಕೊಂಡರು. ನನ್ನ ಪೆನ್ಸಿಲಿನ ಮಾತು ಎತ್ತಲೇ ಇಲ್ಲ. ಮರುದಿನದಿಂದ ಅವರ ಕುರ್ಚಿ ಖಾಲಿ. ಮಗಳು ಕಾಲೇಜು ಬಿಟ್ಟು ಥಾಣೆಯ ಔಷಧಿ ಅಂಗಡಿಯೊಂದಕ್ಕೆ ಸೇರಿದಳಂತೆ.

ತಿಂಗಳ ಮೇಲೆ ಕಳವಾ ಸ್ಟೇಷನ್ ಹತ್ತಿರ ಅವರಿದ್ದ ಒಂಟಿ ಕೋಣೆಯ ಖೋಲಿಗೆ ಹೋದೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಚಹಾದ ಕಪ್ ಹಿಡಿದು ಕೂತೇ ಇದ್ದೆ. ಕಿಟಕಿಯಾಚೆ ಒಂದರ ಹಿಂದೊಂದು ಲೋಕಲ್ ರೈಲುಗಳು ಹೋಗುತ್ತಿದ್ದವು.

"ಏನರ ಮಾತಾಡವ್ವ," ಅಂದರು ಕಾಕಾ. "ನೀ ಸುಮ್ಮ ಕುಂತ್ರ ಎಲ್ಲಾ ಸರಿ ಐತಿ ಅಂತ ತಿಳ್ಕೋತೀನಿ ನಾ."