ರುದ್ರಪ್ಪಣ್ಣ ಹುಡುಕಿದ ಹೊರೆಗಲ್ಲು

ಮೂಡಿಗೆರೆ ಪೇಟೆಯಲ್ಲಿ ಉಳಿದವರ ಹೆಗಲ ಮೇಲೆ ಟವೆಲ್ ಇದ್ದರೆ ರುದ್ರಪ್ಪಣ್ಣನವರ ಹೆಗಲ ಮೇಲೆ ಒಂದು ಸಿಂಬಿ ಇರುತ್ತಿತ್ತು. ತಲೆಹೊರೆ ಹೊರುವಾಗ ನೆತ್ತಿಯ ಮೇಲಿಟ್ಟುಕೊಳ್ಳುವ ಬಟ್ಟೆಯ ಸುರುಳಿ ಅದು. ಅವರ ಅಜ್ಜಿ ತನ್ನ ಹಳೆಯ ಸೀರೆ ಹರಿದು ಸುತ್ತಿದ್ದಳಂತೆ. ಬಣ್ಣ ಯಾವುದಿತ್ತೋ ಶಿವನೇ ಬಲ್ಲ. ಹಗ್ಗ, ಗೋಣಿಚೀಲ, ಕತ್ತಿ, ಗುದ್ದಲಿ ಮಾರುವ ಅಂಗಡಿ ಅವರದು. ಮೂಟೆ ಎತ್ತಲು ಆಳುಗಳಿದ್ದರು. ಆದರೂ ಭಾನುವಾರ ಬಂತೆಂದರೆ ಅರವತ್ತು ದಾಟಿದ ಆ ಆರಡಿ ಮನುಷ್ಯ ಹಣೆ ತುಂಬ ವಿಭೂತಿ ಬಳಿದುಕೊಂಡು, ಇಪ್ಪತ್ತು ಕೆ.ಜಿ. ಉಪ್ಪನ್ನು ತಲೆಯ ಮೇಲಿಟ್ಟುಕೊಂಡು ದೇವರಮನೆ ಎಂಬ ಊರಿನ ಕಡೆಯ ಬೆಟ್ಟ ಹತ್ತುತ್ತಿದ್ದರು.

ನಾನು ಅಲ್ಲಿನ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಟೀಚರಾಗಿ ಬಂದ ವಾರವೇ ಬಟ್ಟೆ ಒಣಹಾಕುವ ಹಗ್ಗ ಕೊಳ್ಳಲು ಅವರಂಗಡಿಗೆ ಹೋಗಿದ್ದೆ.

"ಸಮಾಜ ಪಾಠ ಮಾಡೋರಾ ಮೇಡಂ? ಹಂಗಾದ್ರೆ ಹೇಳಿ, ಘಾಟಿ ರಸ್ತೆ ಆಗೋಕೆ ಮುಂಚೆ ನಮ್ಮೂರಿಗೆ ಉಪ್ಪು ಹ್ಯಾಗೆ ಬರ್ತಿತ್ತು?"

"ಎತ್ತಿನ ಗಾಡಿಯಲ್ಲಿ" ಎಂದೆ, ಬಹಳ ತಿಳಿದವಳಂತೆ.

"ಗಾಡಿಗೆ ರಸ್ತೆ ಬೇಡ್ವಾ?"

ಆ ಮುಜುಗರದಲ್ಲಿ ನಾಲ್ಕು ಮೀಟರ್ ಬೇಕಿದ್ದಲ್ಲಿ ಹತ್ತು ಮೀಟರ್ ಹಗ್ಗ ಕೊಂಡು ಬಂದೆ.

ಉಪ್ಪು ಬಂದದ್ದು ಮನುಷ್ಯರ ತಲೆಯ ಮೇಲೆ, ಕೆಳಗಿನ ಕರಾವಳಿಯಿಂದ. ತಮ್ಮ ಅಜ್ಜನೂ ಹಾಗೆ ಉಪ್ಪು ತಂದು ಮಾರಿದವರೆಂದು ರುದ್ರಪ್ಪಣ್ಣ ಎಲ್ಲರಿಗೂ ಹೇಳುತ್ತಿದ್ದರು. ಒಬ್ಬರೇ ಹೊರೆ ಇಳಿಸಿ ಮತ್ತೆ ತಲೆಗೇರಿಸಿಕೊಳ್ಳುವುದು ಆಗದ ಕೆಲಸ. ಅದಕ್ಕಾಗಿ ದಾರಿಯುದ್ದಕ್ಕೂ ಎರಡು ಕಲ್ಲು ನೆಟ್ಟು, ಮೇಲೊಂದು ಚಪ್ಪಡಿ ಅಡ್ಡ ಇಡುತ್ತಿದ್ದರು. ಅದೇ ಹೊರೆಗಲ್ಲು. ಇಂಥ ಎರಡು ಕಲ್ಲುಗಳನ್ನು ರುದ್ರಪ್ಪಣ್ಣ ಹುಡುಕಿಟ್ಟಿದ್ದರು. ಒಂದು ಕೆಳಗೆ ಶೋಲಾ ಕಾಡಿನ ಹಳ್ಳದ ಪಕ್ಕ, ಇನ್ನೊಂದು ಮೇಲೆ ಹುಲ್ಲುಗುಡ್ಡದ ನೆತ್ತಿಯಲ್ಲಿ. ನಡುವೆ ಉಸಿರು ಕೀಳುವಷ್ಟು ಏರು.

"ಅಷ್ಟು ದೂರ ಯಾವ ಕುತ್ತಿಗೆನೂ ತಡಿಯಲ್ಲ ಮೇಡಂ. ಮಧ್ಯೆ ಇನ್ನೊಂದು ಇರ್ಲೇಬೇಕು. ಎಲ್ಲಿ ಅಂತ ಪುಸ್ತಕ ಹೇಳಲ್ಲ, ಕುತ್ತಿಗೆ ಹೇಳತ್ತೆ" ಎನ್ನುತ್ತಿದ್ದರು. ಹೊರೆ ಹೊತ್ತು ಕೆಳಗಿನ ಕಲ್ಲಿನಿಂದ ಹೊರಡುವುದು, ಇನ್ನಾಗದು ಎನಿಸಿದಲ್ಲಿ ನಿಲ್ಲುವುದು, ಅಲ್ಲಿ ಸುತ್ತಮುತ್ತ ಹುಡುಕುವುದು. ಇದು ಅವರ ಸಂಶೋಧನೆ. ಪ್ರತಿ ಸಲವೂ ಅವರ ಕುತ್ತಿಗೆ ಸೋಲುತ್ತಿದ್ದದ್ದು ಸರಿಯಾಗಿ ಅರ್ಧ ದಾರಿಯ ಒಂದು ಬಂಡೆಯ ಹತ್ತಿರ. ಲೆಕ್ಕವೇನೋ ಚೆನ್ನಾಗಿತ್ತು, ಕಲ್ಲು ಮಾತ್ರ ಇರಲಿಲ್ಲ.

ಒಮ್ಮೆ ಪೊದೆಯೊಳಗೆ ನೆಟ್ಟಗಿನ ಕಲ್ಲೊಂದು ಕಂಡದ್ದೇ ಪೇಟೆಗೆಲ್ಲ ಸುದ್ದಿ ಹಬ್ಬಿಸಿ, ಹತ್ತಾರು ಜನರನ್ನು ಕರೆದೊಯ್ದು, ಅದಕ್ಕೆ ಸೇವಂತಿಗೆ ಹಾರ ಹಾಕಿ ಭಾಷಣ ಶುರುಮಾಡಿದರು. ಪಾಚಿ ಕೆರೆದಾಗ ಎಸ್ಟೇಟಿನ ಗಡಿ ಗುರುತಿನ ಸರ್ವೆ ನಂಬರು ಕಾಣಿಸಿತು. "ಬಾಂದುಕಲ್ಲಿಗೆ ಹಾರ ಹಾಕ್ದೆ ಮಾರಾಯ!" ಎಂದು ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಹಾರವನ್ನು ತೆಗೆಯಲಿಲ್ಲ. "ಅದೇನ್ ತಪ್ಪು ಮಾಡಿದೆ, ಪಾಪ" ಎಂದರು.

ನಾನೂ ಅವರ ಹಿಂದೆ ಭಾನುವಾರ ಹೋಗತೊಡಗಿದೆ. ಬಂಡೆಯ ಬಳಿ ದಣಿವಾರಿಸಿಕೊಂಡು ಮತ್ತೆ ಹತ್ತಿ, ಮೇಲಿನ ಕಲ್ಲಿಗೆ ಹೊರೆ ಇಳಿಸಿದ ಮೇಲೆ ಅವರು ಪಡುವಣಕ್ಕೆ ತಿರುಗಿ ಕೂರುತ್ತಿದ್ದರು. ಮಂಜು ಸರಿದು, ಕೆಳಗೆ ಹಸಿರಿನ ಮೇಲೆ ಹಸಿರಾಗಿ ಕರಾವಳಿಯ ತನಕ ಕಣಿವೆ ತೆರೆದುಕೊಳ್ಳುತ್ತಿತ್ತು. "ಕಾರಲ್ಲಿ ಬಂದೋರಿಗೂ ಇದು ಕಾಣತ್ತೆ. ಆದ್ರೆ ಹೊರೆ ಇಳ್ಸಿ ನೋಡೋ ಸುಖ ಬೇರೆ" ಎಂದಿದ್ದರು ಒಮ್ಮೆ.

ಆ ವರ್ಷ ನೆತ್ತಿಯ ವ್ಯೂ ಪಾಯಿಂಟಿಗೆ ಜೀಪ್ ರಸ್ತೆ ಮಂಜೂರಾಯಿತು. ಗುರುತು ಹಾಕಿದ್ದು ನೇರ ಆ ಕಲ್ಲುಗಳ ಮೇಲೆ. ರುದ್ರಪ್ಪಣ್ಣ ಪಂಚಾಯಿತಿಗೆ ಓಡಿದರು. ಅಧ್ಯಕ್ಷರು ಕೆಟ್ಟವರಲ್ಲ, ಆದರೆ ನಕ್ಕರು. "ಎರಡು ಕಲ್ಲಿದ್ರೆ ದಾರಿ ಅಂತೀರಾ? ನಮ್ಮ ಕೊಟ್ಟಿಗೆ ಮುಂದೂ ಎರಡು ಕಲ್ಲಿದೆ ರುದ್ರಪ್ಪಣ್ಣ. ಮಧ್ಯದ್ದು ತೋರ್ಸಿ, ರಸ್ತೆನೇ ತಿರುಗಿಸ್ತೀನಿ. ಮುಂದಿನ ವಾರ ಜೆಸಿಬಿ ಬರತ್ತೆ."

ಅದೇ ಹೊತ್ತಿಗೆ ಡಾಕ್ಟರು ಅವರ ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿ, ಇನ್ನು ಒಂದು ಕೊಡ ನೀರನ್ನೂ ತಲೆಗೇರಿಸಬಾರದೆಂದರು. ಅಂಗಡಿಯಲ್ಲಿ ಕತ್ತು ತಿರುಗಿಸಲಾಗದೆ ಬೊಂಬೆಯಂತೆ ಕೂತಿದ್ದ ಅವರ ಮುಂದೆ ಹೋಗಿ ಕೈಚಾಚಿದೆ. "ಸಿಂಬಿ ಇಲ್ಲಿ ಕೊಡಿ" ಎಂದುಬಿಟ್ಟೆ.

ಭಾನುವಾರ ಹೊರಟೆವು. ಐದಡಿಯ ನಾನು ಮುಂದೆ, ತಲೆಯ ಮೇಲೆ ಅದೇ ಉಪ್ಪಿನ ಮೂಟೆ. ಪಟ್ಟಿ ಕಟ್ಟಿಕೊಂಡ ಅವರು ಹಿಂದೆ. ಮೊದಲ ತಿರುವಿಗೇ ನನ್ನ ಧೈರ್ಯವೆಲ್ಲ ಬೆವರಾಗಿ ಇಳಿಯಿತು. ಅವರ ಬಂಡೆ ಇನ್ನೂ ಎಷ್ಟೋ ಮೇಲಿತ್ತು. ಕುತ್ತಿಗೆ ನಡುಗಲು ಶುರುವಾಯಿತು.

"ಇಲ್ಲೇನ್ ನಿಲ್ತೀರಿ ಮೇಡಂ, ಇನ್ನೂ ಅರ್ಧನೂ ಆಗ್ಲಿಲ್ಲ!"

"ಆಗಲ್ಲ ರುದ್ರಪ್ಪಣ್ಣ, ಬಿದ್ದೇಹೋಗ್ತೀನಿ" ಎಂದು ದಾರಿಯ ಬದಿಗೆ ಸರಿದು, ತಲೆಮಟ್ಟ ಬೆಳೆದ ಜರಿಗಿಡಗಳ ಮೇಲೇ ಮೂಟೆಯನ್ನು ಜಾರಿಸಿದೆ. ಮೂಟೆ ನೆಲಕ್ಕೆ ಬೀಳಲಿಲ್ಲ. ನನ್ನ ಹೆಗಲೆತ್ತರದಲ್ಲಿ ಠಪ್ಪೆಂದು ಕೂತಿತು.

ರುದ್ರಪ್ಪಣ್ಣ ಜರಿಗಿಡ ಕಿತ್ತರು, ಪಾಚಿ ಕೆರೆದರು. ಎರಡು ಕಂಬ, ಮೇಲೊಂದು ಚಪ್ಪಡಿ. ಅವರು ಪಕ್ಕ ನಿಂತಾಗ ಅದು ಅವರ ಎದೆಗೂ ಬರಲಿಲ್ಲ. ಉಳಿದೆರಡು ಕಲ್ಲುಗಳೂ ಇಷ್ಟೇ ಎತ್ತರ. ಮಣ್ಣು ಕೊಚ್ಚಿ ಬಂದು ಬುಡ ಮುಚ್ಚಿ ಗಿಡ್ಡವಾಗಿವೆ ಎಂದೇ ಅವರು ಇಷ್ಟು ವರ್ಷ ನಂಬಿದ್ದರು. ನನ್ನ ತಲೆಯಿಂದ ಸಿಂಬಿಯನ್ನು ಎತ್ತಿ ಕೈಯಲ್ಲಿ ಹಿಡಿದು, ನನ್ನ ಹೆಗಲಿಗೂ ಚಪ್ಪಡಿಗೂ ಅಳತೆ ನೋಡಿದರು.

"ನಮ್ಮಜ್ಜ ಉಪ್ಪಿನ ವ್ಯಾಪಾರಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಹೊತ್ತೋಳು ಅಜ್ಜಿ! ಅವಳ ಸಿಂಬಿ ಹೆಗಲ ಮೇಲೆ ಇಟ್ಕೊಂಡು ಗಂಡಸರ ದಾರಿ ಹುಡುಕ್ತಿದ್ದೆನಲ್ಲ ಮಾರಾಯ್ತಿ!"

ನನ್ನನ್ನು ಅವರು ಮಾರಾಯ್ತಿ ಎಂದದ್ದು ಅದೊಂದೇ ಸಲ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನನಗೂ ಹುರುಪು ಬಂತು. ಮತ್ತೆ ಹೊರೆ ಏರಿಸಿಕೊಂಡು ಅಷ್ಟೇ ದೂರ ನಡೆದು, ಕುತ್ತಿಗೆ ಮತ್ತೆ ಸೋತು ನಿಂತಲ್ಲಿ, ಎರಡು ಹೆಜ್ಜೆ ಆಚೆಗೆ ನಾಲ್ಕನೆಯ ಕಲ್ಲು ಮಗುಚಿ ಬಿದ್ದಿತ್ತು. ಅಲ್ಲಿಂದ ನೆತ್ತಿಯ ಕಲ್ಲಿಗೂ ಅಷ್ಟೇ ದೂರ. ರುದ್ರಪ್ಪಣ್ಣ ಬೆಟ್ಟದ ತುದಿಯಲ್ಲಿ ನಿಂತು ಕಣಿವೆಗೆ ಕೇಳುವಂತೆ ಕೂಗು ಹಾಕಿದರು. ನಾನೂ ಹಾಕಿದೆ, ಟೀಚರೆಂಬುದನ್ನು ಮರೆತು.

ಅಧ್ಯಕ್ಷರು ಮರುದಿನವೇ ಬಂದು ನೋಡಿ, ಕೊಟ್ಟ ಮಾತು ಉಳಿಸಿಕೊಂಡರು.

ರುದ್ರಪ್ಪಣ್ಣ ತೀರಿಕೊಂಡು ಎರಡು ಮಳೆಗಾಲ ಕಳೆದವು. ಸಿಂಬಿ ಈಗ ನನ್ನ ಹತ್ತಿರ ಇದೆ. ವರ್ಷಕ್ಕೊಮ್ಮೆ ನಮ್ಮ ಶಾಲೆಯ ಹುಡುಗಿಯರು ಸರದಿಯಂತೆ ಅದನ್ನು ತಲೆಗಿಟ್ಟು ಆ ದಾರಿ ಹತ್ತುತ್ತಾರೆ. ನಾನು ರುದ್ರಪ್ಪಣ್ಣನವರನ್ನು ಕೊನೆಯ ಸಲ ಕಂಡದ್ದು ರಸ್ತೆ ಮುಗಿದ ದಿನ. ಮೊದಲ ಜೀಪಿನಲ್ಲಿ ಇಬ್ಬರೂ ಹೋದೆವು. ನನ್ನ ಮೂಟೆ ಕೂತಿದ್ದ ಆ ಮೂರನೆಯ ಕಲ್ಲಿನ ಹತ್ತಿರ ರಸ್ತೆ ದೊಡ್ಡದಾಗಿ ಬಳಸಿಕೊಂಡು ಹೋಗುತ್ತದೆ. ಅಲ್ಲಿ ಜೀಪು ನಿಲ್ಲಿಸಿ ಇಳಿದರು. ಕುತ್ತಿಗೆ ತಿರುಗದ್ದರಿಂದ ಇಡೀ ಮೈಯನ್ನೇ ತಿರುಗಿಸಿ, ಮೇಲಿಂದ ಕೆಳಗಿನವರೆಗೆ ಆ ತಿರುವನ್ನು ನೋಡಿದರು.

"ನೋಡಿ ಮೇಡಂ," ಎಂದರು, "ಅಜ್ಜಿಗೆ ಜೀಪು ದಾರಿ ಬಿಟ್ಟಿದೆ."