ಮನೇಲಿ ಎಷ್ಟ್ ಜನ, ಮೇಷ್ಟ್ರೇ?

ಈ ಭಾನುವಾರದ ಬೆಳಿಗ್ಗೆ ಪೇಪರು ಬಿಡಿಸಿಕೊಂಡು ಕೂತಿದ್ದೆ. ಬಚ್ಚಲುಮನೆಯ ಹೊರಗೋಡೆಗೆ ಅಂಟಿಕೊಂಡಿರುವ ಹಳೆಯ ಕಬ್ಬಿಣದ ಪೈಪು ಟಣ್ ಟಣ್ ಎಂದಿತು. ನಾನು ಪೇಪರನ್ನು ಅಲ್ಲೇ ಬಿಸಾಕಿ, ಒಂದೇ ಓಟಕ್ಕೆ ಅಡುಗೆಮನೆ ಬಾಗಿಲ ಪಕ್ಕದ ಗೋಡೆ ಮೇಲೆ ಕೈಯಿಟ್ಟೆ. ಅಲ್ಲಿ ಸ್ವಿಚ್ಚಿಲ್ಲ. ಇದ್ದ ಜಾಗದಲ್ಲಿ ಒಂದು ಸಿಮೆಂಟಿನ ತೇಪೆಯಿದೆ. ನಮ್ಮ ಮೋಟರು ಈಗ ತನಗೆ ತಾನೇ ಹತ್ತಿಕೊಳ್ಳುತ್ತದೆ, ಟ್ಯಾಂಕು ತುಂಬಿದರೆ ತನಗೆ ತಾನೇ ನಿಲ್ಲುತ್ತದೆ. ಮನೆಯವರಿಗೆಲ್ಲ ಈ ವಿಷಯ ಗೊತ್ತು, ನನ್ನ ಬಲಗೈಗೆ ಮಾತ್ರ ಯಾರೂ ಹೇಳಿಲ್ಲ.

“ರೀ, ಎರಡೇ ಪೆಟ್ಟು ಬಿದ್ದಿದ್ದು. ಕಾಫಿಗೆ ಕರೀತಿದ್ದಾರೆ. ಗೋಡೆ ಸವರಿದ್ದು ಸಾಕು, ಬನ್ನಿ,” ಎಂದು ನನ್ನ ಹೆಂಡತಿ ಪದ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ನಡೆದಳು. ಅವಳು ಹೋಗುತ್ತಿರಲಿ. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ನಿಮಗೆ ಈ ಪೈಪಿನ ಕಥೆ ಹೇಳಿ ಮುಗಿಸುತ್ತೇನೆ. ನಾನು ಚಪ್ಪಲಿ ಹುಡುಕುವುದನ್ನು ನೋಡಿದವರಿಗೆ ಗೊತ್ತು, ನಮಗೆ ಬೇಕಾದಷ್ಟು ಹೊತ್ತಿದೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ, ರಾಜಘಟ್ಟದ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡಿರುವ ಮನೆ. ಕೆಳಗೆ ನಾವು, ಮೇಲೆ ನನ್ನ ತಮ್ಮ ಚಂದ್ರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಅವನು ಮಗ್ಗದ ಶೆಡ್ಡೊಂದರಲ್ಲಿ ಮೇಸ್ತ್ರಿ. ಇಬ್ಬರಿಗೂ ಇಬ್ಬಿಬ್ಬರು ಮಕ್ಕಳು. ಅಮ್ಮ ಬೆಳಗಿನ ತಿಂಡಿ ನಮ್ಮಲ್ಲಿ ತಿಂದು, ರಾತ್ರಿಯ ಮುದ್ದೆ ಮೇಲೆ ಉಂಡು, ನಡುವಿನ ಹೊತ್ತನ್ನು ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತ ಕಳೆಯುತ್ತಾಳೆ. ಮನೆಯ ನೆತ್ತಿಯ ಮೇಲೆ ಅಪ್ಪ ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟಿಸಿದ ಒಂದು ತೊಟ್ಟಿಯಿತ್ತು. ಸಂಪಿನಿಂದ ಅದಕ್ಕೆ ನೀರೆತ್ತುವ ಮೋಟರಿನ ಸ್ವಿಚ್ಚು ನಮ್ಮ ಅಡುಗೆಮನೆ ಹತ್ತಿರ. ಹಾಗಾಗಿ ನಲ್ಲಿಯಲ್ಲಿ ನೀರು ನಿಂತರೆ ಮೇಲಿನವರು ಬಚ್ಚಲ ಪೈಪಿಗೆ ಸೌಟಿನಿಂದ ಮೂರು ಪೆಟ್ಟು ಹಾಕುತ್ತಿದ್ದರು. ಅಂದರೆ ಮೋಟರ್ ಹಾಕಿ ಅಂತ. ಎರಡು ಪೆಟ್ಟು ಹಾಕಿದರೆ ಕಾಫಿ ಆಗಿದೆ, ಬನ್ನಿ ಅಂತ. ಕಾಫಿಯ ಪೆಟ್ಟು ಕೆಳಗಿನಿಂದ ಮೇಲಕ್ಕೂ ಹೋಗುತ್ತಿತ್ತು. ಈ ಭಾಷೆಯನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ. ನನ್ನ ಮಗಳು ಸಿಂಧು ಅ ಆ ಇ ಈ ಕಲಿಯುವ ಮೊದಲೇ ಇದನ್ನು ಕಲಿತಿದ್ದಳು. ಅವಳು ಬಡಿದರೆ ಪಕ್ಕದ ಬೀದಿಯವರೂ ಕಾಫಿಗೆ ಬರಬೇಕು, ಹಾಗೆ ಬಡಿಯುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಅಪ್ಪನ ತೊಟ್ಟಿ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಒಂದು ಅರಳಿ ಸಸಿ ಹುಟ್ಟಿ, ನಮ್ಮೆಲ್ಲರಿಗಿಂತ ಚೆನ್ನಾಗಿ ನೀರು ಕುಡಿದುಕೊಂಡು ಬೆಳೆಯತೊಡಗಿತು. ಬೆಳಿಗ್ಗೆ ತುಂಬಿಸಿದ ನೀರು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಒಂದು ದಿನ ನಾನು ಸ್ಕೂಲಿನಲ್ಲಿ, ಪದ್ಮ ಅವಳ ಅಂಗನವಾಡಿಯಲ್ಲಿ ಇದ್ದಾಗ ಚಂದ್ರ ಪ್ಲಂಬರನ್ನು ಕರೆಸಿ ತೋರಿಸಿದನಂತೆ. ತೊಟ್ಟಿ ಆಯಸ್ಸು ಮುಗಿದಿದೆ, ಹೊಸ ಟ್ಯಾಂಕು ಹಾಕಿಸಿ ಎಂದು ಪ್ಲಂಬರು ಅಂದನಂತೆ. ನನಗೆ ತಲುಪಿದ ಸುದ್ದಿ ಇಷ್ಟೇ.

ಅದರ ಮಾರನೆಯ ದಿನದಿಂದ ಪೈಪು ಸುಮ್ಮನಾಯಿತು. ಮೂರು ಪೆಟ್ಟೂ ಇಲ್ಲ, ಎರಡು ಪೆಟ್ಟೂ ಇಲ್ಲ. ಬದಲಿಗೆ ನನ್ನ ಮೊಬೈಲಿಗೆ ಚಂದ್ರನ ಹೆಂಡತಿ ಮಂಜುಳಳಿಂದ ಒಂದು ಮೆಸೇಜು ಬಂತು: “ಭಾವ, ನೀರು ಖಾಲಿಯಾಗಿದೆ. ದಯವಿಟ್ಟು ಮೋಟರ್ ಹಾಕಿ.”

ಆ ‘ದಯವಿಟ್ಟು’ವನ್ನು ಎರಡೆರಡು ಸಲ ಓದಿದೆ. ನೀವೇ ಹೇಳಿ, ನಮ್ಮ ಕಡೆ ಮನೆಯವರಿಗೆ ಯಾರಾದರೂ ದಯವಿಟ್ಟು ಅನ್ನುತ್ತಾರೆಯೇ? ಅದು ಬ್ಯಾಂಕಿನವರ ಮಾತು, ಬಸ್ಸಿನಲ್ಲಿ ಬರೆದಿರುವ ಮಾತು. ಸೌಟಿನಲ್ಲಿ ಪೈಪು ಬಡಿದು ಕರೆಯುತ್ತಿದ್ದ ಹೆಣ್ಣುಮಗಳು ದಯವಿಟ್ಟು ಅಂದಳು ಅಂದರೆ ಮೇಲೆ ಏನೋ ತೀರ್ಮಾನವಾಗಿದೆ ಎಂದು ನಾನು ಲೆಕ್ಕ ಹಾಕಿದೆ. ತೊಟ್ಟಿ ಹೋದಮೇಲೆ ಅವರಿಗೆ ಅವರದೇ ಟ್ಯಾಂಕು ಬೇಕು, ಆಮೇಲೆ ಅವರದೇ ಮೋಟರು, ಅವರದೇ ಗೇಟು. ಬಾಯಿಬಿಟ್ಟು ಹೇಳಲಾರದೆ ದಯವಿಟ್ಟು ಎಂದಿದ್ದಾರೆ. ಇಷ್ಟೆಲ್ಲ ಯೋಚಿಸಿದ ಮನುಷ್ಯ ಮೆಟ್ಟಿಲು ಹತ್ತಿ ಹೋಗಿ ಕೇಳಬಹುದಿತ್ತು. ನಾನು ಮೆಸೇಜಿಗೆ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಒತ್ತಿ, ಮೋಟರು ಹಾಕಿ, ಮುಖ ಊದಿಸಿಕೊಂಡು ಕೂತೆ.

ಆ ಶನಿವಾರ ಸ್ಕೂಲು ಮುಗಿಸಿಕೊಂಡು ಅಮ್ಜದ್ ಸಾಬರ ಅಂಗಡಿಗೆ ಹೋದೆ. ಪೇಟೆಯಲ್ಲಿ ಪೈಪು, ನಲ್ಲಿ, ಟ್ಯಾಂಕು ಮಾರುವ ಅಂಗಡಿ ಅವರದು. ಅವರ ಮಕ್ಕಳು ನನ್ನ ಹತ್ತಿರವೇ ಓದಿದ್ದು. ಬನ್ನಿ ಮೇಷ್ಟ್ರೇ ಎಂದು ಸ್ಟೂಲು ಹಾಕಿ, ಟೀ ತರಿಸಿ, ಮೊದಲನೇ ಪ್ರಶ್ನೆ ಕೇಳಿದರು.

“ಮನೇಲಿ ಎಷ್ಟ್ ಜನ, ಮೇಷ್ಟ್ರೇ?”

ನೋಡಿ, ಈ ಪ್ರಶ್ನೆಯನ್ನು ತಾಲ್ಲೂಕಿನ ಎಷ್ಟು ಬಾಗಿಲಲ್ಲಿ ನಿಂತು ನಾನೇ ಕೇಳಿದ್ದೇನೋ! ಜನಗಣತಿ ಬಂದರೆ ಮೇಷ್ಟ್ರನ್ನು ಬಿಟ್ಟು ಸರ್ಕಾರಕ್ಕೆ ಬೇರೆ ಗತಿಯಿಲ್ಲ. ಮಾಕಳಿದುರ್ಗದ ತಪ್ಪಲಿನ ಹಳ್ಳಿಗಳಲ್ಲಿ, ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ನನ್ನನ್ನು ಗೈಡ್ ಅಂದುಕೊಂಡು ದಾರಿ ಕೇಳುವಷ್ಟು ಅಲೆದಿದ್ದೇನೆ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ ಎನ್ನುವ ನಿಯಮ ನನಗೆ ಬಾಯಿಪಾಠ. ಆ ನಿಯಮದ ಪ್ರಕಾರ ನಮ್ಮ ಮನೆಯಲ್ಲಿ ಎರಡು ಕುಟುಂಬ. ಆದರೆ ಬೆಳಿಗ್ಗೆ ಒಂದು ಅಡುಗೆಮನೆ ರಾತ್ರಿ ಇನ್ನೊಂದು ಅಡುಗೆಮನೆ ಎನ್ನುವ ಅಮ್ಮನನ್ನು ಎಲ್ಲಿಗೆ ಸೇರಿಸಬೇಕೋ ಯಾವ ನಿಯಮವೂ ಹೇಳುವುದಿಲ್ಲ. ವಿಚಾರಿಸಿಕೊಂಡು ಬಂದು ಹೇಳ್ತೀನಿ ಭಾಯ್ ಎಂದು ಎದ್ದುಬಂದೆ. ತನ್ನ ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ವಿಚಾರಿಸಬೇಕಾದ ಮೇಷ್ಟ್ರ ಹತ್ತಿರ ತಮ್ಮ ಮಕ್ಕಳು ಓದಿದರಲ್ಲ ಎಂದು ಸಾಬರು ಮರುಗಿರಬೇಕು.

ಅಲ್ಲಿಂದ ಶುರುವಾಯಿತು ನನ್ನ ಟ್ಯಾಂಕು ಸಂಶೋಧನೆ. ಕಪ್ಪೋ ಬಿಳಿಯೋ, ಮೂರು ಪದರವೋ ನಾಲ್ಕು ಪದರವೋ ಎಂದು ಸಿಕ್ಕವರನ್ನೆಲ್ಲ ಹಿಡಿದು ಕೇಳಿದೆ. ಕಪ್ಪು ಟ್ಯಾಂಕಿನಲ್ಲಿ ಬೇಸಿಗೆಗೆ ನೀರು ಕಾಯುತ್ತದೆ ಎಂದು ನಮ್ಮ ಗಣಿತದ ಮೇಷ್ಟ್ರು ಹೆದರಿಸಿದರೆ, ಬಿಳಿ ಟ್ಯಾಂಕಿನಲ್ಲಿ ಪಾಚಿ ಕಟ್ಟುತ್ತದೆ ಎಂದು ಕ್ರಾಫ್ಟ್ ಮೇಷ್ಟ್ರು ಹೆದರಿಸಿದರು. ಬಣ್ಣ ಯಾವುದಾದರೂ ಇರಲಿ, ನೈಋತ್ಯದಲ್ಲಿ ಕೂರಿಸದಿದ್ದರೆ ಮನೆ ಒಡೆಯುತ್ತದೆ ಎಂದರು ಹೆಡ್‌ಮಾಸ್ಟರು. ಮನೆ ಒಡೆಯುವ ಮಾತು ಕೇಳಿ ನನಗೆ ಆ ರಾತ್ರಿ ಮುದ್ದೆ ಇಳಿಯಲಿಲ್ಲ. ಅಂಗಡಿಗಳಿಗೆ ಹೋಗಿ ಮಡಕೆ ಕೊಳ್ಳುವವರ ಹಾಗೆ ಟ್ಯಾಂಕುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದೆ. ಸದ್ದು ಹೇಗಿದ್ದರೆ ಒಳ್ಳೆಯದು ಎಂದು ನನಗೂ ಗೊತ್ತಿರಲಿಲ್ಲ. ಒಂದು ಕಡೆ ಟ್ಯಾಂಕಿನೊಳಗೆ ತಲೆ ಹಾಕಿ ಹಲೋ ಎಂದೆ. ಒಳಗಿನಿಂದ ಗಂಭೀರವಾದ, ತಿಳಿವಳಿಕೆಯುಳ್ಳ ಮನುಷ್ಯನೊಬ್ಬ ಹಲೋ ಎಂದ. ಅಂಥ ದನಿ ನನಗೆ ತರಗತಿಯಲ್ಲಿ ಯಾವತ್ತೂ ಬಂದಿಲ್ಲ.

ನಿಜ ಹೇಳಬೇಕೆಂದರೆ ಇದೆಲ್ಲ ದಿನ ದೂಡುವ ಉಪಾಯ. ಟ್ಯಾಂಕು ಒಂದೋ ಎರಡೋ ಎಂದು ತಮ್ಮನನ್ನು ಕೇಳಬೇಕಿತ್ತು, ಕೇಳಲು ಹೆದರಿಕೆ. ಅವನು ಎರಡು ಅಂದುಬಿಟ್ಟರೆ? ಅಷ್ಟು ಹೊತ್ತಿಗೆ ಅವನೂ ನನ್ನನ್ನು ಕಂಡರೆ ಹೂಂ, ಹಾಂ ಎಂದಷ್ಟೇ ಅಂದು ಹೋಗತೊಡಗಿದ್ದ. ಕಾಫಿ ಅವರವರ ಮನೆಯಲ್ಲಿ ಅವರವರದು. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ನನಗೆ ಸಂಕಟವಾಗುತ್ತಿತ್ತು. ಅಮ್ಮನನ್ನು ಕೇಳಿದ್ದರೆ ಎಲ್ಲ ಅಲ್ಲೇ ಬಗೆಹರಿಯುತ್ತಿತ್ತು. ಅಮ್ಮನನ್ನು ಕೇಳಿ ಕೆಲಸ ಮಾಡಲು ನಾನೇನು ಚಿಕ್ಕ ಹುಡುಗನೇ?

ಕೊನೆಗೆ ನನ್ನೊಳಗಿನ ಹಿರಿಯಣ್ಣ ಎದ್ದು ನಿಂತ. ಪಾಪ, ತಮ್ಮ ಬಾಯಿಬಿಟ್ಟು ಕೇಳಲಾರ, ನಾನೇ ದೊಡ್ಡ ಮನಸ್ಸು ಮಾಡೋಣ ಎಂದುಕೊಂಡು ಸಾಬರ ಅಂಗಡಿಗೆ ಹೋಗಿ ಎರಡು ಸಣ್ಣ ಟ್ಯಾಂಕು ಕಳಿಸಿ ಎಂದೆ. ಕೆಳಗಿನವರಿಗೆ ಒಂದು, ಮೇಲಿನವರಿಗೆ ಒಂದು. ಟ್ಯಾಂಕು ಮನೆಗೆ ಬರುವವರೆಗೂ ತಮ್ಮನಿಗೆ ಹೇಳಬೇಡಿ ಎಂದೂ ಹೇಳಿದೆ. ಸಾಬರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಏನೋ ಹೇಳಲು ಹೊರಟವರು, ಆಯ್ತು ಮೇಷ್ಟ್ರೇ, ನಾನ್ಯಾಕೆ ಹೇಳ್ಲಿ ಅಂದರು. ನನ್ನ ಔದಾರ್ಯ ಕಂಡು ಮಾತು ಬಾರದೆ ನಿಂತಿದ್ದಾರೆ ಎಂದುಕೊಂಡೆ.

ಟ್ಯಾಂಕುಗಳು ಭಾನುವಾರ ಬಂದವು. ಲಗೇಜ್ ಆಟೋ ಬಂದ ಸದ್ದಿಗೆ ನಾನು ಹೊರಗೆ ಬಂದೆ, ಚಂದ್ರನೂ ಮೆಟ್ಟಿಲಿಳಿದು ಬಂದ. ಆಟೋ ತುಂಬ ನಾಲ್ಕು ಟ್ಯಾಂಕು, ಒಂದರ ಮೇಲೊಂದು ಹಗ್ಗ ಬಿಗಿದು. ಇಷ್ಟೆಲ್ಲ ನಮ್ದಲ್ಲಪ್ಪ, ಎರಡೇ ಎಂದು ನಾವಿಬ್ಬರೂ ಒಟ್ಟಿಗೇ ಅಂದೆವು. ಡ್ರೈವರು ಹಗ್ಗ ಬಿಚ್ಚುತ್ತಲೇ ಹೇಳಿದ: ಎರಡು ಅಣ್ಣನ ಹೆಸರಲ್ಲಿ, ಎರಡು ತಮ್ಮನ ಹೆಸರಲ್ಲಿ. ಒಂದೇ ಮನೆ ಅಲ್ವಾ, ಒಂದೇ ಸಲಕ್ಕೆ ಹಾಕ್ಕೊಂಡು ಹೋಗು ಅಂದ್ರು ಸಾಬ್ರು.

ನಾಲ್ಕು ಕಪ್ಪು ಟ್ಯಾಂಕುಗಳು ಅಂಗಳದಲ್ಲಿ ಸಾಲಾಗಿ ನಿಂತವು. ಚಂದ್ರ ನನ್ನ ಮುಖ ನೋಡಲಿಲ್ಲ, ಟ್ಯಾಂಕುಗಳ ಕಡೆ ನೋಡುತ್ತ ಹೇಳಿದ.

“ಬೇರೆ ಆಗ್ಬೇಕು ಅಂತಿದ್ರೆ ಒಂದ್ ಮಾತು ಹೇಳ್ಬಹುದಿತ್ತಲ್ಲ ಅಣ್ಣ.”

“ನೀನೂ ಎರಡು ತರಿಸಿದ್ದೀಯಲ್ಲೋ.”

“ನಿಂಗೆ ಕೇಳೋಕೆ ಮುಜುಗರ ಆಗ್ಬಾರ್ದು ಅಂತ ತರಿಸ್ದೆ. ಮೆಸೇಜ್ ಹಾಕಿದ್ರೆ ಬರೀ ಹೆಬ್ಬೆಟ್ಟು ಒತ್ತಿ ಕಳಿಸ್ತಿದ್ದೆ.”

“ನಾನೂ ಅದಕ್ಕೇ ತರಿಸಿದ್ದು ಕಣೋ,” ಎಂದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣಗಿತ್ತು. ಟ್ಯಾಂಕಿನೊಳಗಿನ ಆ ಗಂಭೀರ ಮನುಷ್ಯ ಆಗ ನನ್ನ ಸಹಾಯಕ್ಕೆ ಬರಲಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದ ಅಮ್ಮ ಎದ್ದು ಬಂದಳು. ಒಂದೊಂದು ಟ್ಯಾಂಕನ್ನೂ ನೋಡಿಕೊಂಡು ಬಂದು, ಕೊನೆಯದರ ಮೇಲೆ ಕೈಯಿಟ್ಟು, ಜಗಳದ ದನಿಯಲ್ಲಲ್ಲ, ಸುಮ್ಮನೆ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

“ಇದ್ರಲ್ಲಿ ನಂದು ಯಾವ್ದ್ರಪ್ಪ?”

ಹಾಳಾದ್ದು, ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ನಾನು ತಪ್ಪಿಸಿಕೊಂಡು ತಿರುಗಿದ ಪ್ರಶ್ನೆ ಇದೇ ಆಗಿತ್ತು.

ಅಷ್ಟರಲ್ಲಿ ಮೇಲಿನಿಂದ ಮಂಜುಳ, ಒಳಗಿನಿಂದ ಪದ್ಮ ಬಂದರು. ನಾನು ಆ ದಯವಿಟ್ಟಿನ ಮೆಸೇಜು ತೆಗೆದು ಸಾಕ್ಷಿಗೆ ಹಿಡಿದೆ. ಮಂಜುಳ ಅದನ್ನು ಓದಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಪೈಪು ತುಕ್ಕು ಹಿಡಿದಿದೆ, ಇನ್ನು ಬಡಿದರೆ ಜಾಯಿಂಟು ಬಿಟ್ಟುಹೋಗುತ್ತೆ, ಹೊಸ ಟ್ಯಾಂಕು ಬರೋವರೆಗೂ ಯಾರೂ ಮುಟ್ಟಬೇಡಿ ಎಂದು ಪ್ಲಂಬರು ಹೇಳಿದ್ದನಂತೆ. ಅತ್ತೆಗೆ ಅವತ್ತೇ ಹೇಳಿದ್ದೆ, ಕೆಳಗೆ ಹೇಳಿರ್ತಾರೆ ಅಂದ್ಕೊಂಡೆ ಅಂದಳು. ಕೇಳಿದ್ರೆ ಹೇಳ್ತಿದ್ದೆ ಅಂದಳು ಅಮ್ಮ.

“ಮತ್ತೆ ದಯವಿಟ್ಟು ಅಂತ ಯಾಕಮ್ಮ ಬರ್ದೆ?”

“ದೊಡ್ಡೋರಿಗೆ ಬರೆಯೋವಾಗ ಹಂಗ್ ಬರೀಬೇಕಲ್ವಾ ಭಾವ? ನಿಮ್ಮ ಸ್ಕೂಲಲ್ಲಿ ರಜಾ ಅರ್ಜಿಗೆ ಹಂಗೇ ತಾನೆ ಹೇಳ್ಕೊಡೋದು?”

ಪದ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಂದ್ರ ಮೊದಲು ನಕ್ಕ. ಆಮೇಲೆ ನಾಲ್ಕು ಟ್ಯಾಂಕುಗಳ ನಡುವೆ ನಿಂತು ಎಲ್ಲರೂ ನಕ್ಕೆವು, ಅಮ್ಮ ಒಬ್ಬಳನ್ನು ಬಿಟ್ಟು. ಅವಳ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಅದೇ ಆಟೋಗೆ ಟ್ಯಾಂಕುಗಳನ್ನು ತಿರುಗಿ ಏರಿಸಿ, ಹಿಂದೆ ಚಂದ್ರನ ಬೈಕಿನಲ್ಲಿ ಇಬ್ಬರೂ ಹೋದೆವು. ಅಮ್ಜದ್ ಸಾಬರಿಗೆ ನಮ್ಮನ್ನು ಕಂಡು ಆಶ್ಚರ್ಯವೇನೂ ಆಗಲಿಲ್ಲ. ತಮ್ಮನೂ ನನಗಿಂತ ಮೊದಲೇ ಬಂದು, ಅಣ್ಣನಿಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದನಂತೆ. ಇಬ್ಬರಿಗೂ ಮಾತು ಕೊಟ್ಟಮೇಲೆ ನಾನೇನು ಮಾಡ್ಲಿ, ಅದಕ್ಕೇ ಒಂದೇ ಗಾಡೀಲಿ ಕಳಿಸ್ದೆ ಎಂದು ಸ್ಟೂಲು ಹಾಕಿದರು. ಟೀ ಬಂತು.

“ಈಗಾದ್ರೂ ಹೇಳಿ. ಮನೇಲಿ ಎಷ್ಟ್ ಜನ, ಮೇಷ್ಟ್ರೇ?”

“ಒಂಬತ್ತು,” ಎಂದೆವು. ನಾನೊಬ್ಬನೇ ಅಲ್ಲ, ಚಂದ್ರನೂ ಅಷ್ಟೇ ಹೊತ್ತಿಗೆ, ಅಷ್ಟನ್ನೇ ಅಂದಿದ್ದ. ಬೆಳಗಿನ ತಿಂಡಿಗೂ ರಾತ್ರಿಯ ಮುದ್ದೆಗೂ ಸೇರಿದ ಅಮ್ಮ ಅದರಲ್ಲಿದ್ದಳು.

ಒಂದು ದೊಡ್ಡ ಟ್ಯಾಂಕು ಬಂತು. ಬಣ್ಣ ಬಿಳಿ. ಹೆಡ್‌ಮಾಸ್ಟರ ಮಾತಿಗೆ ಬೆಲೆ ಕೊಟ್ಟು ನೈಋತ್ಯಕ್ಕೇ ಇಟ್ಟೆವು, ಯಾಕೆ ಸುಮ್ಮನೆ ಕೆಣಕುವುದು. ತನ್ನಷ್ಟಕ್ಕೆ ಮೋಟರು ಹಾಕುವ ಪೆಟ್ಟಿಗೆ ಬಂತು, ಪ್ಲಾಸ್ಟಿಕ್ಕಿನ ಹೊಸ ಪೈಪುಗಳು ಬಂದವು. ಚಂದ್ರ ಆಸೆಯಿಂದ ಹೊಸ ಪೈಪಿಗೆ ಸೌಟಿನಲ್ಲಿ ಬಡಿದು ನೋಡಿದ. ದೊಬ್ ಅಂತು, ಅಷ್ಟೇ. ಪ್ಲಂಬರು ಹಳೆಯ ಕಬ್ಬಿಣದ ಪೈಪು ಕೀಳಲು ಬಂದಾಗ ಅಮ್ಮ ಅಡ್ಡ ನಿಂತಳು. ಅದನ್ನ ಮುಟ್ಟಬೇಡಪ್ಪ ಅಂದಳು. ಅದರಲ್ಲಿ ಇನ್ಮೇಲೆ ನೀರು ಬರಲ್ಲ ಅಜ್ಜಿ ಎಂದು ಅವನು ತಿಳಿಸಿ ಹೇಳಿದ. ನೀರಿಗೋಸ್ಕರ ಯಾರಿಗೆ ಬೇಕಾಗಿತ್ತು ಅದು ಎಂದಳು.

ಹಾಗಾಗಿ ಅದು ಇದೆ. ಮೇಲೂ ಏನೂ ಇಲ್ಲ, ಕೆಳಗೂ ಏನೂ ಇಲ್ಲ, ಗೋಡೆಗೆ ಒರಗಿಕೊಂಡು ನಿಂತಿದೆ. ಒಡೆಯುವ ಜಾಯಿಂಟೇ ಇಲ್ಲದಿರುವುದರಿಂದ ಈಗ ಎಷ್ಟು ಬೇಕಾದರೂ ಬಡಿಯಬಹುದು.

ಈಗ ಮತ್ತೆ ಬಡಿದರು, ಕೇಳಿಸಿತೇ? ಎರಡೇ ಪೆಟ್ಟು, ಆದರೆ ಗೋಡೆ ಅದುರುವ ಹಾಗೆ. ಇದು ಮಂಜುಳಳ ಕೈಯಲ್ಲ. ಹೀಗೆ ಬಡಿಯುವವಳು ಒಬ್ಬಳೇ. ಸಿಂಧುವನ್ನು ಹೊಸಕೋಟೆ ಕಡೆ, ಜಡಿಗೇನಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದೇವೆ. ಬೆಳಗಿನ ಮೊದಲ ಬಸ್ಸಿಗೆ ಬಂದಿರಬೇಕು. ಹೆತ್ತ ಅಪ್ಪ ಕೆಳಗೆ ಪೇಪರು ಹಿಡಿದು ಕೂತಿರುವಾಗ ನಮ್ಮ ಬಾಗಿಲು ದಾಟಿ ಸೀದಾ ಚಿಕ್ಕಮ್ಮನ ಅಡುಗೆಮನೆಗೆ ಹೋಗಿದ್ದಾಳೆ. ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಖುಷಿಯಾಯಿತು. ಯಾವ ಬಾಗಿಲು ತನ್ನದು ಎಂದು ಅವಳು ನಿಂತು ಯೋಚಿಸಲಿಲ್ಲವಲ್ಲ.

ಚಪ್ಪಲಿ ಒಂದೇ ಸಿಕ್ಕಿತು. ಪರವಾಗಿಲ್ಲ, ಬರಿಗಾಲಲ್ಲೇ ಹೋಗುತ್ತೇನೆ. ಹೋಗುವ ಮೊದಲು ಒಂದು ಚಮಚ ತೆಗೆದುಕೊಂಡು ಪೈಪಿಗೆ ಎರಡು ಬಡಿದೆ, ಬಂದೆ ಅಂತ. ನೀವೂ ಬನ್ನಿ, ಕಾಫಿ ಆರುತ್ತಿದೆ.